ಬಾಗಿಲು ಬಡಿದು ಕೇಳದ ಪಾಯಿಂಟರು

ಬಿಸಿಯಾದ ಯಂತ್ರಕ್ಕೆ ಕುಂಕುಮ ತಾಗಿದರೆ ಒಂದು ವಾಸನೆ ಏಳುತ್ತದೆ. ಅರಿಶಿನದ್ದು, ಸುಣ್ಣದ್ದು, ಸುಟ್ಟ ಧೂಳಿನದು... ಎಲ್ಲ ಕೂಡಿದ ವಾಸನೆ. ಈ ಸಲದ ಖಂಡೇನವಮಿಯ, ಅಂದರೆ ಆಯುಧಪೂಜೆಯ, ಮುಂಜಾನೆ ನನ್ನ ಝೆರಾಕ್ಸ್ ಅಂಗಡಿಯ ಮುಂದೆ ಚಪ್ಪಲಿ ಬಿಡುತ್ತಿದ್ದಂತೆಯೇ ಅದು ಮೂಗಿಗೆ ಬಡಿಯಿತು. ಕೆಲಸದ ಹುಡುಗಿ ನನಗಿಂತ ಮೊದಲೇ ಬಂದು ಕಂಪ್ಯೂಟರಿನ ಡಬ್ಬಿಯನ್ನು ಒರೆಸಿ, ವಿಭೂತಿ ಎಳೆದು, ಕುಂಕುಮ ಹಚ್ಚಿ, ಗಾಳಿಯಾಡುವ ಜಾಲರಿಯ ಮೇಲೆ ಚೆಂಡುಹೂ ಇಟ್ಟಿದ್ದಳು. ನಮ್ಮದು ಮುಸಲ್ಮಾನರ ಮನೆ. ಆದರೆ ಬೆಟಗೇರಿಯಲ್ಲಿ ಯಂತ್ರ ಇಟ್ಟುಕೊಂಡು ಉಣ್ಣುವವರು ಯಾರೂ ಖಂಡೇನವಮಿ ಬೇಡ ಅನ್ನುವುದಿಲ್ಲ. ಬೈಂಡಿಂಗ್ ಕೆಲಸ ಮಾಡುತ್ತಿದ್ದ ನಮ್ಮ ಅಬ್ಬಾ ಕೂಡ ಅವತ್ತು ಕಾಗದ ಕತ್ತರಿಸುವ ಕತ್ತಿಗೆ ಕೈ ಹಚ್ಚುತ್ತಿರಲಿಲ್ಲ.

ಆದರೂ ನಾನು ಆ ಹುಡುಗಿಯ ರಟ್ಟೆ ಹಿಡಿದು ಎಳೆದೆ. "ಡಬ್ಬಿ ಬಿಚ್ಚಿದ್ಯೇನ? ಒಳಗ ಕೈ ಹಾಕಿದ್ಯೇನ?" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ಪಾಪ, ಅವಳ ಕೈಯ ಕುಂಕುಮದ ಬಟ್ಟಲು ನೆಲಕ್ಕೆ ಬಿತ್ತು. ಬಿಚ್ಚಿಲ್ಲ ಅಕ್ಕೋರ, ಮೇಲಷ್ಟೇ ಹಚ್ಚೀನಿ ಎಂದು ಅಳಲು ಶುರು ಮಾಡಿದಳು. ಕುರ್ಚಿ ಎಳೆದುಕೊಂಡು ಕೂತೆ. ಒಂದು ಕಾಲಕ್ಕೆ ನನ್ನ ಜೊತೆ ಕಂಪ್ಯೂಟರ್ ಕಲಿಸುತ್ತಿದ್ದ ಸರ್ರು ಲಕ್ಷ್ಮೇಶ್ವರದಲ್ಲಿ ತೀರಿಕೊಂಡ ಖಬರು ಬಂದು ಬಹಳ ದಿನ ಆಗಿರಲಿಲ್ಲ. ಸತ್ತವರು ಹೀಗೆ ವಾಸನೆ ಹಿಡಿದು ಅಂಗಡಿಗೇ ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಬೆಟಗೇರಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದೆ. ಹೊರಗಿನ ಕೋಣೆಯಲ್ಲಿ ನನ್ನ ಟೈಪ್‌ರೈಟರುಗಳ ಕಟಕಟ. ಒಳಗಿನ ಕೋಣೆಯಲ್ಲಿ ಹುಬ್ಬಳ್ಳಿಯಿಂದ ತಂದ ಒಂದೇ ಒಂದು ಕಂಪ್ಯೂಟರು. ಅದಕ್ಕೆ ಇಳಕಲ್ ಸೀರೆಯ ತುಂಡಿನ ಮುಸುಕು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಆ ಒಳಕೋಣೆಯ ಒಡೆಯರೇ ಸರ್ರು.

ದಿನಾ ಲಕ್ಷ್ಮೇಶ್ವರದಿಂದ ಬಸ್ಸಿಗೆ ಬರುತ್ತಿದ್ದರು. ಎತ್ತರದ ಆಳು, ಕೋಣನಂಥ ಕುತ್ತಿಗೆ, ಸದಾ ಕೆಂಪಾದ ಕಣ್ಣು. ಮುಂಬೈಯಲ್ಲಿ ಯಂತ್ರ ನಡೆಸುವ ಎಲೆಕ್ಟ್ರಾನಿಕ್ ಕಾರ್ಡುಗಳನ್ನು ಮಾಡುವ ಕಾರ್ಖಾನೆಯಲ್ಲಿದ್ದರಂತೆ. ಮ್ಯಾನೇಜರನ ಕಪಾಳಕ್ಕೆ ಹೊಡೆದು ಊರಿಗೆ ಬಂದರು ಎಂದು ಜನ ಆಡಿಕೊಳ್ಳುತ್ತಿದ್ದರು. ನಾನು ನೇರವಾಗಿ ಕೇಳಿಬಿಟ್ಟೆ. ಕೈಯಿಂದ ಅಲ್ಲ, ಕುರ್ಚಿಯಿಂದ ಹೊಡೆದದ್ದು ಎಂದು ತಿದ್ದಿದರು. ನಗಲಿಲ್ಲ.

ಹೊಡೆಯುವುದು ಅವರಿಗೆ ಉಸಿರಾಡಿದಷ್ಟು ಸಲೀಸು. ಬೆತ್ತ ಅಲ್ಲ, ಕೈಮಗ್ಗದ ಹಳೆಯ ಲಾಳಿ ಇಟ್ಟುಕೊಂಡಿದ್ದರು. ನೇಕಾರರ ಊರು, ಲಾಳಿಗೇನು ಬರ. ಎರಡೂ ತುದಿಗೆ ಕಬ್ಬಿಣದ ಮೂತಿ ಇರುವ ಆ ಕಟ್ಟಿಗೆಯಿಂದ ಬೆರಳ ಗಂಟಿನ ಮೇಲೆ ಒಂದು ಕೊಟ್ಟರೆ ಹುಡುಗರು ಎರಡು ದಿನ ರೊಟ್ಟಿ ಮುರಿಯಲಾರರು. ಕಂಪ್ಯೂಟರಿಗೆ ಆಜ್ಞೆ ಬರೆಯುವ ಸಿ ಭಾಷೆ ಕಲಿಯಲು ಬಂದ ಹುಡುಗರ ಕೈ ನೋಡಿದರೇ ಯಾರ ಶಿಷ್ಯರೆಂದು ಗೊತ್ತಾಗುತ್ತಿತ್ತು. ನಾನು ಅವರ ಜೊತೆ ದಿನಾ ಜಗಳ ಆಡುತ್ತಿದ್ದೆ. ಆದರೆ ಪಾಠ ಶುರುವಾದರೆ ನನ್ನ ಟೈಪ್‌ರೈಟರುಗಳನ್ನು ನಿಲ್ಲಿಸಿ ಬಾಗಿಲ ಬಳಿ ನಿಂತು ಕೇಳುತ್ತಿದ್ದುದೂ ಖರೆ. ಹಾಗೆ ಹೇಳಿಕೊಡುವವರನ್ನು ನಾನು ಆಮೇಲೆ ನೋಡಲಿಲ್ಲ.

ಪಾಯಿಂಟರ್ ಅಂದರೆ ತೋರಿಸುವ ಬೆರಳು ಎನ್ನುತ್ತಿದ್ದರು. ಕಂಪ್ಯೂಟರಿನ ನೆನಪು ಎಂದರೆ ಒಂದು ಉದ್ದಾನುದ್ದ ಓಣಿ, ಮನೆಗೊಂದು ನಂಬರು. ಪಾಯಿಂಟರು ಒಂದು ಮನೆಯನ್ನು ತೋರಿಸುತ್ತದೆ, ನೀನು ಹೇಳಿದ್ದನ್ನು ಅಲ್ಲಿ ಹೋಗಿ ಬರೆಯುತ್ತದೆ. ಸಾಮಾನ್ಯವಾಗಿ ಯಾವ ಮನೆ ಖಾಲಿ ಇದೆ ಎಂದು ಯಂತ್ರವೇ ನೋಡಿ ಕೊಡುತ್ತದೆ, ಅದರಲ್ಲಿ ಭಯವಿಲ್ಲ. ಆದರೆ ಸಿ ಭಾಷೆಯಲ್ಲಿ ನಾವೇ ಕೈಯಾರೆ ನಂಬರು ಬರೆದು, ಇದೇ ಮನೆಗೆ ಹೋಗು ಎಂದು ಪಾಯಿಂಟರಿಗೆ ಹೇಳಬಹುದು. ಅಲ್ಲಿ ಯಾರಿದ್ದಾರೆ ಎಂದು ಅದು ಕೇಳುವುದಿಲ್ಲ. ಒಮ್ಮೆ ಪರದೆಯ ನೆನಪಿನ ನಂಬರನ್ನೇ ಪಾಯಿಂಟರಿಗೆ ಕೊಟ್ಟು ಒಂದು ಅಂಕಿ ಬರೆದರು. ಅಚ್ಚು ಮಾಡು ಎಂಬ ಮಾತೇ ಇಲ್ಲದೆ ಪರದೆಯ ಮೂಲೆಯಲ್ಲಿ ಒಂದು ಕೆಂಪು ಅಕ್ಷರ ಎದ್ದು ನಿಂತಿತು. ಹುಡುಗರು ಹೋ ಅಂದರು. ಸರ್ರು ಲಾಳಿಯಿಂದ ಮೇಜಿಗೆ ಬಡಿದು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

"ನೀವು ಒಬ್ಬ ಕುರುಡನ ಕೈಯಾಗ ಕೊಡ್ಲಿ ಕೊಟ್ಟು ಒಂದ ಮನಿಗಿ ಕಳಸಾಕತ್ತೀರಿ. ಅಂವಾ ಹೋಗಿ ಬೀಸೇ ಬೀಸ್ತಾನ. ಮೊದಲ ಬಾಗಲಾ ಬಡದು, ಒಳಗ ಯಾರ ಅದಾರ ಅಂತ ಕೇಳ್ರಿ. ಆಮ್ಯಾಲೆ ಬರೀರಿ."

ಸೊರಟೂರಿನ ಒಬ್ಬ ಹುಡುಗ ಕೇಳಲಿಲ್ಲ. ಮನಸ್ಸಿಗೆ ಬಂದ ನಂಬರು ಕೊಟ್ಟು ಬರೆದ. ಯಂತ್ರ ಕಲ್ಲಿನಂತೆ ನಿಂತುಬಿಟ್ಟಿತು, ಒಳಗಿದ್ದ ಫ್ಲಾಪಿ ಕೆಟ್ಟು ಎಲ್ಲರ ಒಂದು ತಿಂಗಳ ಕೆಲಸ ಹಾಳಾಯಿತು. ಅವತ್ತು ಸರ್ರು ಹೊಡೆದ ಹೊಡೆತ... ಬಾಗಲಾ ಬಡದ್ಯೇನಲೇ, ಬಡದ್ಯೇನಲೇ ಎಂದು ಒಂದೊಂದು ಸಲ ಕೇಳುವುದು, ಒಂದೊಂದು ಹೊಡೆತ. ಹುಡುಗನ ಬೆರಳ ಗಂಟು ಒಡೆದು ಕೀಲಿಮಣೆಯ ಮೇಲೆ ರಕ್ತ ಹನಿಯಿತು. ನಾನು ನುಗ್ಗಿ ಲಾಳಿ ಕಿತ್ತುಕೊಂಡೆ. ನೀವು ಮಾಸ್ತರಲ್ಲ, ಕಟುಕರು ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಸರ್ರು ನನ್ನ ಕಡೆ ತಿರುಗಿದರು. ಇವತ್ತು ಬರೀ ಫ್ಲಾಪಿ ಸತ್ತಿದೆ, ನಾಳೆ ಇದೇ ಬೆರಳು ಒಂದು ಮಶೀನಿನ ಮೇಲಿರುತ್ತದೆ, ಅದರ ಬಾಯೊಳಗೆ ಮನುಷ್ಯ ಇರುತ್ತಾನೆ ಎಂದರು. ನನಗೆ ಅದು ತಮ್ಮ ಕ್ರೌರ್ಯಕ್ಕೆ ಹೊದಿಸಿದ ಮಾತು ಅನಿಸಿತು. ಲಾಳಿಯನ್ನು ಒಯ್ದು ಒಲೆಗೆ ಹಾಕಿದೆ. ಮರುದಿನ ಹೊಸದು ತಂದಿದ್ದರು.

ಅದೇ ವರ್ಷ ಗದಗಿನ ಒಬ್ಬ ಸಾವುಕಾರರು ಸರ್ರನ್ನು ಕರೆಸಿದರು. ಅವರದು ಹತ್ತಿ ಬಿಡಿಸಿ, ಅರಳೆಯನ್ನು ಬೇಲು ಎಂಬ ಗಟ್ಟಿ ಮೂಟೆಯಾಗಿ ಒತ್ತುವ ಫ್ಯಾಕ್ಟರಿ. ಅಲ್ಲಿಯ ಪ್ರೆಸ್ಸನ್ನು ನೋಡಿದ್ದರೆ ನಿಮಗೂ ಎದೆ ಝಲ್ ಅನ್ನುತ್ತಿತ್ತು. ಒಂದು ಆಳದ ಕಬ್ಬಿಣದ ಪೆಟ್ಟಿಗೆ, ಅದರ ಒಂದು ಮಗ್ಗುಲಿಗೆ ಕದ. ಮೇಲಿನ ಬಾಯಿಂದ ಅರಳೆ ತುಂಬಬೇಕು, ಕದ ಮುಚ್ಚಬೇಕು, ಆಮೇಲೆ ಮೇಲಿನಿಂದ ಕಬ್ಬಿಣದ ಒತ್ತುಗಲ್ಲು ಇಳಿದು ಆಳೆತ್ತರದ ಅರಳೆಯನ್ನು ಮೊಣಕಾಲೆತ್ತರಕ್ಕೆ ಒತ್ತುತ್ತದೆ. ಅದಕ್ಕೆ ಅರಳೆ ಯಾವುದು, ಎಲುಬು ಯಾವುದು ಎಂಬ ಭೇದವಿಲ್ಲ. ಕೈಯಿಂದ ತಿರುಗಿಸುತ್ತಿದ್ದ ಅದರ ವಾಲ್ವುಗಳನ್ನು ಕಂಪ್ಯೂಟರಿನಿಂದ ನಡೆಸಬೇಕೆಂಬುದು ಸಾವುಕಾರರ ಹಟ. ಊರಲ್ಲಿ ಮೊದಲನೆಯವರಾಗಬೇಕಿತ್ತು ಅವರಿಗೆ.

ಸರ್ರು ಒಂದೇ ನಮೂನೆಯ ಎರಡು ಕಾರ್ಡು ತಯಾರಿಸಿ ಕಂಪ್ಯೂಟರಿನೊಳಗೆ ಕೂಡಿಸಿದರು. ಒಂದು ಒತ್ತುಗಲ್ಲಿಗೆ, ಒಂದು ಕದಕ್ಕೆ. ಅವು ಕಂಪ್ಯೂಟರಿನ ನೆನಪಿನೊಳಗೇ ಒಂದೊಂದು ಮನೆ ಹಿಡಿದು ಕೂತಿದ್ದವು. ಆ ನಂಬರಿಗೆ ಒಂದು ಅಂಕಿ ಬರೆದರೆ ಸಾಕು, ಹೊರಗೆ ಕಬ್ಬಿಣ ಚಲಿಸುತ್ತಿತ್ತು. ಒತ್ತುಗಲ್ಲಿನ ಮನೆಗೆ ಡಿ-ಸೊನ್ನೆ, ಕದದ ಮನೆಗೆ ಡಿ-ಎಂಟು ಎಂದು ನಾವು ಮಾತಿನಲ್ಲಿ ಕರೆಯುತ್ತಿದ್ದೆವು. ಯಾವ ಕಾರ್ಡು ಯಾವ ಮನೆಯಲ್ಲಿ ಇರಬೇಕೆಂದು ಹೇಳುವುದು ಕಾರ್ಡಿನ ಮೇಲಿನ ಒಂದು ಕರಿಯ ಪ್ಲಾಸ್ಟಿಕ್ ಚೂರು. ಜಂಪರ್ ಎಂದು ಅದರ ಹೆಸರು, ನಾನು ಟೊಪ್ಪಿಗೆ ಅನ್ನುತ್ತಿದ್ದೆ. ಒಂದು ಕಾರ್ಡಿನಲ್ಲಿ ಟೊಪ್ಪಿಗೆ ಮೇಲಿನ ಮೊಳೆಗಳಿಗೆ, ಇನ್ನೊಂದರಲ್ಲಿ ಕೆಳಗಿನ ಮೊಳೆಗಳಿಗೆ. ಇಡೀ ಫರಕು ಅಷ್ಟೇ.

ಮೊದಲು ಬರೆದ ಪ್ರೋಗ್ರಾಮಿನಲ್ಲಿ ಸರ್ರು ತಮ್ಮ ಮಾತಿಗೆ ತಪ್ಪಿರಲಿಲ್ಲ. ಬರೆಯುವ ಮುಂಚೆ ಪಾಯಿಂಟರು ಆ ಮನೆಯನ್ನು ಒಮ್ಮೆ ಓದಿ, ನೀನು ಒತ್ತುಗಲ್ಲೋ ಕದವೋ ಎಂದು ಕೇಳುತ್ತಿತ್ತು. ಅದಕ್ಕೆಂದೇ ಪ್ರೆಸ್ಸಿನಿಂದ ಪ್ರತಿ ಕಾರ್ಡಿಗೂ ಒಂದು ಗುರುತಿನ ವಾಯರು ಎಳೆದಿದ್ದರು. ಆದರೆ ಪರೀಕ್ಷೆಯ ದಿನ ಅರಳೆಯ ಧೂಳು ಹೊಕ್ಕು ಆ ವಾಯರು ಸರಿಯಾಗಿ ಕೂಡಲಿಲ್ಲ. ಕೇಳಿದ್ದಕ್ಕೆ ಉತ್ತರ ಬಾರದೆ ಯಂತ್ರ ಮತ್ತೆ ಮತ್ತೆ ನಿಂತಿತು. ನೋಡಲು ನೆರೆದಿದ್ದ ವ್ಯಾಪಾರಸ್ಥರ ಮುಂದೆ ಸಾವುಕಾರರು, ಮುಂಬೈಯವರು ಇವರನ್ನು ಯಾಕೆ ಹೊರಗೆ ಹಾಕಿದರೆಂದು ಈಗ ತಿಳಿಯಿತು ಎಂದುಬಿಟ್ಟರು. ಎಲ್ಲರೂ ನಕ್ಕರು.

ಜೊತೆಗೆ ಹೋಗಿದ್ದ ನಾನು ಸರ್ರ ಕುತ್ತಿಗೆಯ ನರ ಉಬ್ಬಿದ್ದನ್ನು ಕಂಡೆ. ಯಾರನ್ನಾದರೂ ಹೊಡೆದುಬಿಡುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಎಷ್ಟು ಚಲೋ ಇರುತ್ತಿತ್ತು! ಅವರು ಹೋಗಿ ಕೀಲಿಮಣೆಯ ಮುಂದೆ ಕೂತು, ಕೇಳುವ ಸಾಲುಗಳನ್ನೆಲ್ಲ ಟಪಟಪ ಅಳಿಸಿ, ಪಾಯಿಂಟರಿಗೆ ಬರೀ ನಂಬರು ಬಿಟ್ಟರು. ಪ್ರೆಸ್ಸು ಎಣ್ಣೆ ಹಾಕಿದಂತೆ ಓಡಿತು. ಚಪ್ಪಾಳೆ ಬಿತ್ತು. ಮರಳಿ ಬರುವಾಗ ಟಾಂಗಾದಲ್ಲಿ ನಾನು ಆ ಸಾಲುಗಳ ಬಗ್ಗೆ ಕೇಳಿದೆ. ಹಬ್ಬ ಮುಗಿಯಲಿ, ವಾಯರು ಸರಿ ಮಾಡಿ ಮತ್ತೆ ಹಾಕುತ್ತೇನೆ ಎಂದರು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮಮ್ಮಿ ಹೇಳುತ್ತಿದ್ದಳು.

ಪ್ರೆಸ್ಸಿನ ಮಿಸ್ತ್ರಿಯನ್ನು ನಾನು ಕಾಕಾ ಅನ್ನುತ್ತಿದ್ದೆ. ಆ ಯಂತ್ರವನ್ನು ಹೆತ್ತ ಮಗುವಿನಂತೆ ಜೋಪಾನ ಮಾಡುತ್ತಿದ್ದ ಮನುಷ್ಯ. ಕಾರ್ಡುಗಳನ್ನು ಹೊರಗೆ ತೆಗೆದು ಬ್ರಶ್ಶಿನಿಂದ ಧೂಳು ಒರೆಸಿ ಮತ್ತೆ ಕೂಡಿಸುವುದನ್ನು ಸರ್ರೇ ಅವನಿಗೆ ತೋರಿಸಿದ್ದರು. ಟೊಪ್ಪಿಗೆಯನ್ನು ಮುಟ್ಟಬೇಡ ಎಂದು ಮಾತ್ರ ಹೇಳಿರಲಿಲ್ಲ. ಅದನ್ನು ಕೀಳಬೇಕೆಂದು ಯಾರಿಗಾದರೂ ಅನಿಸೀತು ಎಂಬುದೇ ಮುಂಬೈಯಲ್ಲಿ ಕಲಿತ ಆ ತಲೆಗೆ ಹೊಳೆದಿರಲಿಲ್ಲ. ಖಂಡೇನವಮಿ ಅಂದರೆ ನಮ್ಮಲ್ಲಿ ಯಂತ್ರದ ಜಳಕ. ಬಿಚ್ಚುವುದನ್ನೆಲ್ಲ ಬಿಚ್ಚಿ, ಒರೆಸುವುದನ್ನೆಲ್ಲ ಒರೆಸಿ, ಬಿಡಿಬಿಡಿಯಾಗಿ ಕುಂಕುಮ ಹಚ್ಚಿ ಮತ್ತೆ ಜೋಡಿಸದಿದ್ದರೆ ಅದು ಪೂಜೆಯೇ ಅಲ್ಲ. ಟೊಪ್ಪಿಗೆಯ ಅಡಿಯ ಧೂಳನ್ನು ಬಿಟ್ಟರೆ ಕಾಕಾನ ಮನಸ್ಸು ಒಪ್ಪೀತೇ?

ಮರುದಿನ ದಶಮಿ, ಹೊಸ ಪ್ರೆಸ್ಸಿನ ಮುಹೂರ್ತ. ಸರ್ರು ಅವತ್ತೂ ನನ್ನನ್ನು ಕರೆದುಕೊಂಡು ಹೋಗಿದ್ದರು. ಎಲ್ಲರೂ ಬನ್ನಿ ಕೊಟ್ಟು ತಗೊಂಡು ಮಾಡುತ್ತಿದ್ದರು. ಕಾಕಾ ಹೊಸ ಅಂಗಿ ತೊಟ್ಟು, ಬಲಗೈಯಿಂದ ಸರ್ರ ಬಲಗೈಗೆ ಬನ್ನಿ ಎಲೆ ಇಟ್ಟು, ಬಂಗಾರದಂಗ ಇರೂಣ್ರಿ ಸರ ಎಂದು ಕಾಲು ಮುಟ್ಟಲು ಬಾಗಿದ. ಸರ್ರು ತಡೆದು ಅವನನ್ನು ಅಪ್ಪಿಕೊಂಡರು. ಯಾರನ್ನೂ ಹಾಗೆ ಅಪ್ಪಿಕೊಂಡದ್ದನ್ನು ನಾನು ಕಂಡಿರಲಿಲ್ಲ.

ಮೊದಲ ಬೇಲು ಮಾಡಲು ಕೀಲಿ ಒತ್ತುವ ಮರ್ಯಾದೆ ಸರ್ರದಾಗಿತ್ತು. ಕಾಕಾ ಪೆಟ್ಟಿಗೆಯ ಬಾಯಿಗೆ ಅರಳೆ ತುಂಬಿ, ರೂಢಿಯಂತೆ ಕೈ ಒಳಗಿಟ್ಟು ಅದನ್ನು ಸಮ ಮಾಡುತ್ತ ಹೂಂ ಅಂದ. ಕದ ಮುಚ್ಚುವಾಗ ಹಾಗೆ ಸಮ ಮಾಡುವುದು ಎಷ್ಟೋ ವರ್ಷಗಳ ಪದ್ಧತಿ. ಸರ್ರು ಕದ ಮುಚ್ಚುವ ಹಸಿರು ಕೀಲಿ ಒತ್ತಿದರು.

ಕದ ಅಲುಗಲಿಲ್ಲ. ಮೇಲಿನಿಂದ ಒತ್ತುಗಲ್ಲು ಇಳಿಯಿತು.

ಎಲುಬು ಮುರಿಯುವ ಸಪ್ಪಳ ದೊಡ್ಡದಾಗಿರುತ್ತದೆ ಎಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ. ಅರಳೆಯೊಳಗೆ ಒಣ ಕಟ್ಟಿಗೆ ಮುರಿದ ಹಾಗೆ, ಮೆತ್ತಗೆ... ಆಮೇಲೆ ಕಾಕಾನ ಕೂಗು. ಬಿಳಿ ಅರಳೆ ನೋಡುನೋಡುತ್ತಿದ್ದಂತೆ ಕೆಂಪಾಯಿತು. ಸರ್ರು ಒತ್ತುಗಲ್ಲು ಎತ್ತುವ ಕೆಂಪು ಕೀಲಿಗೆ ಬಡಿದರು. ಮೊದಲೇ ತೆರೆದಿದ್ದ ಮಗ್ಗುಲ ಕದ ಇನ್ನೂ ಹಿಂದೆ ಸರಿದು ಧಡ್ ಎಂದು ಬಡಿದುಕೊಂಡಿತು, ಒತ್ತುಗಲ್ಲು ಮೇಲೇಳಲಿಲ್ಲ. ಒಂದು ಗಳಿಗೆ ಸರ್ರು ಆ ಕದವನ್ನೇ ನೋಡಿದರು. ಅವರ ಮುಖದ ಬಣ್ಣವೇ ಇಳಿದುಹೋಯಿತು. ಆಮೇಲೆ ಕದ ತೆರೆಯುವ ಕೀಲಿಯನ್ನು ಒತ್ತಿದರು. ಆಗ ಒತ್ತುಗಲ್ಲು ಎದ್ದಿತು. ಡಿ-ಸೊನ್ನೆಯಲ್ಲಿ ಇರಬೇಕಾದವನು ಡಿ-ಎಂಟರಲ್ಲಿದ್ದ, ಅಲ್ಲಿಯವನು ಇಲ್ಲಿದ್ದ.

ಮೊಣಕೈ ಕೆಳಗೆ ಕೈ ಅಂತ ಏನೂ ಉಳಿದಿರಲಿಲ್ಲ. ನನ್ನ ಓಢಣಿ ಹರಿದು ಕಟ್ಟಿದೆ. ಜೀಪಿನಲ್ಲಿ ಹಾಕಿ ಹುಬ್ಬಳ್ಳಿಗೆ ಒಯ್ದರು. ಗದ್ದಲವೆಲ್ಲ ಜೀಪಿನ ಹಿಂದೆ ಗೇಟಿನವರೆಗೆ ಹೋಗಿದ್ದಾಗ ಸರ್ರು ಕಂಪ್ಯೂಟರಿನ ಡಬ್ಬಿ ಬಿಚ್ಚಿದರು. ಬಿಚ್ಚುತ್ತಿದ್ದಂತೆ ಆ ವಾಸನೆ... ಬಿಸಿಯಾದ ಕಾರ್ಡುಗಳ ಮೇಲೆ ವಿಭೂತಿಯ ಗೆರೆ, ಕುಂಕುಮದ ಬೊಟ್ಟು, ಚೆಂಡುಹೂವಿನ ಒಂದು ಎಸಳು. ಸರ್ರು ಒಂದು ಟೊಪ್ಪಿಗೆಯನ್ನು ಉಗುರಿನಿಂದ ಎತ್ತಿದರು. ಅದರ ಅಡಿಯ ಮೊಳೆಗಳಿಗೂ ಕುಂಕುಮ ಹತ್ತಿತ್ತು. ಟೊಪ್ಪಿಗೆಗಳನ್ನು ತೆಗೆದು, ಭಕ್ತಿಯಿಂದ ಒರೆಸಿ, ಕುಂಕುಮ ಹಚ್ಚಿ, ಇದರದು ಅದಕ್ಕೆ ಅದರದು ಇದಕ್ಕೆ ಅನ್ನುವ ಹಾಗೆ ಮೇಲೆಕೆಳಗೆ ಮಾಡಿ ಇಟ್ಟಿದ್ದ ಕಾಕಾ. ನೋಡಿದ ತಕ್ಷಣ ನನಗೂ ತಿಳಿಯಿತು.

ಸರ್ರು ಕಿಸೆಯಿಂದ ಕರವಸ್ತ್ರ ತೆಗೆದರು. ಅದರ ಜೊತೆ ಕಾಕಾ ಕೊಟ್ಟಿದ್ದ ಬನ್ನಿ ಎಲೆಯೂ ಉದುರಿತು. ಕಾರ್ಡಿನ ಮೇಲಿನ, ಮೊಳೆಗಳ ಮೇಲಿನ ಕುಂಕುಮವನ್ನು ಒಂದು ಚೂರೂ ಬಿಡದೆ ಒರೆಸಿ, ಟೊಪ್ಪಿಗೆಗಳನ್ನು ಸರಿಯಾದ ಜಾಗಕ್ಕೆ ಹಾಕಿ, ಡಬ್ಬಿ ಮುಚ್ಚಿದರು. ನೀವು ಏನೂ ನೋಡಿಲ್ಲ ಅಕ್ಕೋರ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಸಾವುಕಾರರೂ, ಹಮಾಲರೂ, ಮಿಸ್ತ್ರಿ ಕಾಕಾನ ತಮ್ಮನೂ ಒಳಗೆ ಬಂದರು. ಹೇಗಾಯಿತೆಂದು ಸಾವುಕಾರರು ಕೇಳಿದರು. ನಾ ಬರೆದದ್ದು ತಪ್ಪಿತ್ತು ಎಂದು ಸರ್ರು ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಮೊದಲ ಏಟು ತಮ್ಮನದು. ಆಮೇಲೆ ಯಾರು ಹೊಡೆದರು, ಯಾರು ಒದ್ದರು, ಲೆಕ್ಕವಿಲ್ಲ. ನಾಯಿಯನ್ನು ಹೊಡೆದ ಹಾಗೆ ಹೊಡೆದರು. ಮ್ಯಾನೇಜರನಿಗೆ ಕುರ್ಚಿ ಎತ್ತಿದ್ದ ಆ ಕೋಣನಂಥ ಮನುಷ್ಯ ಒಂದು ಕೈ ಕೂಡ ಎತ್ತಲಿಲ್ಲ. ತೂಕದ ಕಲ್ಲು ಇಡುವ ಕಟ್ಟೆಯ ಮೇಲೆ ಅವರ ಬಲಗೈಯನ್ನು ಚಾಚಿ ಹಿಡಿದರು. ಕೈಗೆ ಕೈ ಎಂದು ಯಾರೋ ಕೂಗಿದರು. ಕಾಕಾನ ತಮ್ಮನೇ ತೂಕದ ಕಲ್ಲು ಎತ್ತಿ ಬೆರಳುಗಳ ಮೇಲೆ ಹಾಕಿದ. ನಾನು ನಡುವೆ ನುಗ್ಗಿ, ನಿಮ್ಮಣ್ಣನೇ... ಎಂದು ಬಾಯಿ ತೆರೆದೆ. ಸರ್ರು ರಕ್ತ ತುಂಬಿದ ಕಣ್ಣನ್ನು ನನ್ನ ಕಡೆ ತಿರುಗಿಸಿ ಬೇಡ ಎಂದು ತಲೆ ಅಲ್ಲಾಡಿಸಿದರು. ಮಾತು ಮುಗಿಸದೆ ಹಿಂದೆ ಸರಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಮರುದಿನ ಮುಂಜಾನೆ ಅದೇ ಮಂದಿ ಬೆಟಗೇರಿಗೆ ಬಂದು ಇನ್‌ಸ್ಟಿಟ್ಯೂಟಿಗೆ ನುಗ್ಗಿದರು. ಇಳಕಲ್ ಮುಸುಕಿನ ಸಮೇತ ಕಂಪ್ಯೂಟರನ್ನು ಬೀದಿಗೆ ಎಸೆದು, ಒಳಕಲ್ಲಿನ ಗುಂಡಿನಿಂದ ಅದರ ಪರದೆ ಒಡೆದರು. ನನ್ನ ಟೈಪ್‌ರೈಟರುಗಳಿಗೂ ಕೈ ಹಾಕಿದಾಗ ನಾನು ಸ್ಟೂಲು ಎತ್ತಿ ಕಾಕಾನ ತಮ್ಮನ ಹಣೆಗೆ ಬಾರಿಸಿದೆ. ಆ ಗುರುತು ಅವನ ಹಣೆಯ ಮೇಲೆ ಈಗಲೂ ಇದೆ. ದಾರಿಯಲ್ಲಿ ಎದುರಾದಾಗ ನೋಡಿ ಸಂತೋಷಪಡುತ್ತೇನೆ, ಸುಳ್ಳು ಯಾಕೆ ಹೇಳಲಿ.

ಗದಗಿನ ದವಾಖಾನೆಯಲ್ಲಿ ಸರ್ರನ್ನು ನೋಡಲು ಹೋದೆ. ಬಲಗೈ ಪೂರ್ತಿ ಪ್ಲಾಸ್ಟರು, ಮುಖ ಬಾತು ಕುಂಬಳಕಾಯಿ. ಪೊಲೀಸರು ಬಂದು ಕೇಳಿದರೂ ಯಾರ ಮೇಲೂ ಫಿರ್ಯಾದಿ ಕೊಟ್ಟಿರಲಿಲ್ಲ. ನಾನು ಅತ್ತೆ, ಬೈದೆ. ಮಾಡಿದವನು ಅವನು, ಮುರಿಸಿಕೊಂಡವರು ನೀವು, ಇದು ಯಾವ ನ್ಯಾಯ ಎಂದು ಕೇಳಿದೆ. ಸರ್ರು ಪ್ಲಾಸ್ಟರಿನ ಕೈಯನ್ನು ನೋಡಿಕೊಂಡು ಹೇಳಿದರು.

"ಅಂವಾ ಪೂಜಾ ಮಾಡ್ಯಾನ, ಅದು ಅವನ ಕೆಲಸ. ಬಾಗಲಾ ಬಡದು ಕೇಳೂದು ನನ್ನ ಕೆಲಸ ಆಗಿತ್ತು, ಅಕ್ಕೋರ. ಆ ಸಾಲು ಇದ್ದಿದ್ರ ಟೊಪಗಿ ಎಲ್ಲಿದ್ರೂ ಮಶೀನ ನಿಂದರತಿತ್ತು. ಸಿಟ್ಟಿನ್ಯಾಗ ನಾನ ತಗದೆ, ಕೀಲಿನೂ ನಾನ ಒತ್ತಿದೆ."

ಅದು ಸರಿ, ಆದರೆ ಕುಂಕುಮ ಒರೆಸಿದ್ದು ಯಾಕೆ ಎಂದೆ. ಗೊತ್ತಾದರೆ ಸಾವುಕಾರ, ನಿನ್ನ ಕೈ ನೀನೇ ಕಳಕೊಂಡಿ ಎಂದು ಅವನನ್ನು ಬೀದಿಗೆ ಹಾಕುತ್ತಾನೆ ಎಂದರು. ಆಮೇಲೆ ಧ್ವನಿ ಇಳಿಸಿ, ಅದೂ ದೊಡ್ಡ ಕಾರಣವಲ್ಲ ಎಂದರು.

"ಒಂದ ಕೈ ಹೋಗೇತಿ. ಉಳದ ಕೈ ಕುಂಕಮಾ ಹಚ್ಚಾಕ ಅಂಜಬಾರದು. ನಾ ಇರೂತನಕ ಇದನ್ನ ಯಾರ ಮುಂದೂ ಆಡಬ್ಯಾಡ್ರಿ."

ನೀವು ಸತ್ತ ಮೇಲೆ? ಎಂದು ಸಿಟ್ಟಿನಲ್ಲೇ ಕೇಳಿದೆ. ಒಡೆದ ತುಟಿಯಲ್ಲಿ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಆವಾಗ ನಿಮಗ ಬಿಟ್ಟದ್ದು. ಆದ್ರ ಮೊದಲ ಬಾಗಲಾ ಬಡದು ಕೇಳ್ರಿ" ಎಂದರು.

ಬೆರಳುಗಳು ಸೊಟ್ಟಗೇ ಕೂಡಿಕೊಂಡವು. ಸರ್ರು ಮತ್ತೆ ಕೀಲಿಮಣೆಯ ಮುಂದೆ ಕೂರಲಿಲ್ಲ, ಮತ್ತೆ ಯಾರಿಗೂ ಹೊಡೆಯಲಿಲ್ಲ. ಲಕ್ಷ್ಮೇಶ್ವರದಲ್ಲಿ ಒಂದು ಹಿಟ್ಟಿನ ಗಿರಣಿ ಹಾಕಿದರು. ಶಿಗ್ಲಿಯಲ್ಲಿ ನಮ್ಮವರ ಮದುವೆಗೆ ಹೋದಾಗ ಹಾದಿಯಲ್ಲಿ ಇಳಿದು ನೋಡಿ ಬಂದಿದ್ದೆ. ಪ್ರತಿ ಸಲ ಗಿರಣಿ ಚಾಲೂ ಮಾಡುವ ಮುಂಚೆ ಪಟ್ಟಾದ ಸುತ್ತ ಒಂದು ಸುತ್ತು ನಡೆದು, ಬಗ್ಗಿ ನೋಡಿ, ಯಾರರ ಅದಾರೇನ್ರಿ ಎಂದು ಗಟ್ಟಿಯಾಗಿ ಕೂಗುತ್ತಿದ್ದರು. ಜೋಳ ಬೀಸಿಸಲು ಬಂದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಮಿಸ್ತ್ರಿ ಕಾಕಾನನ್ನು ಸಾವುಕಾರರು ಬಿಡಲಿಲ್ಲ, ಗೇಟಿನಲ್ಲಿ ಕೂಡಿಸಿದರು. ಅವತ್ತು ಓಢಣಿ ಕಟ್ಟಿದ ಋಣಕ್ಕೆ ಕಾಕಾ ಪ್ರತಿ ವರ್ಷ ದಶಮಿಗೆ ನನಗೆ ಬನ್ನಿ ಕೊಡಲು ಬರುತ್ತಾನೆ. ಪ್ರತಿ ವರ್ಷವೂ ಕೂತು ಚಹಾ ಕುಡಿಯುತ್ತ ಸರ್ರನ್ನು ಶಪಿಸುತ್ತಾನೆ. ಆ ಮಾಸ್ತರನ ವಂಶ ಹಾಳಾಗಲಿ, ಅವನ ಕೈಗೆ ಹುಳ ಬೀಳಲಿ... ಇಷ್ಟು ವರ್ಷ ಹಲ್ಲು ಕಚ್ಚಿ ಕೇಳಿದ್ದೇನೆ. ಎಷ್ಟೋ ಸಲ ಚಹಾದ ಬಟ್ಟಲನ್ನು ಅವನ ಮುಖಕ್ಕೆ ಎರಚಬೇಕು ಅನಿಸಿದೆ.

ಈ ಸಲ ದಶಮಿಗೂ ಬಂದ. ಮುಪ್ಪಾಗಿ ಬೆನ್ನು ಬಾಗಿದೆ, ಅಂಗಿಯ ಬಲತೋಳು ಯಾವತ್ತಿನ ಹಾಗೆ ಜೋಲಾಡುತ್ತಿತ್ತು. ಸರ್ರು ಸತ್ತ ಖಬರು ಅವನಿಗೂ ಮುಟ್ಟಿತ್ತು. ಸತ್ತನಂತೆ, ಕೊನೆಗೂ ಸತ್ತನಂತೆ ಎಂದು ಚಹಾ ಹೀರಿದ. ನನ್ನ ತಲೆ ಸಿಡಿಯಿತು. ಈಗ ನನ್ನ ಬಾಯಿ ಕಟ್ಟಿದವರು ಯಾರೂ ಇರಲಿಲ್ಲ. ಒಂದು ಮಾತು ಸಾಕಿತ್ತು, ಕೊಡಲಿಯ ಹಾಗೆ ಬೀಸಬಹುದಿತ್ತು. ನಾಲಿಗೆಯ ತುದಿಗೆ ಬಂದಾಗ ಆ ಒಡೆದ ತುಟಿಯ ನಗು ನೆನಪಾಯಿತು. ಉಸಿರು ಹಿಡಿದು, ಮೊದಲು ಕೇಳಿದೆ. ಕಾಕಾ, ಅವತ್ತ ಹ್ಯಾಂಗಾತು ಅಂತ ಖರೆ ತಿಳಕೋಬೇಕು ಅನಸ್ತದೇನು?

ಕಾಕಾ ಬಟ್ಟಲು ಕೆಳಗಿಟ್ಟ. ಅಂಗಡಿಯ ಕಂಪ್ಯೂಟರಿನ ಮೇಲೆ ಹಿಂದಿನ ದಿನದ ಕುಂಕುಮ ಇನ್ನೂ ಇತ್ತು, ಅದನ್ನೇ ನೋಡಿದ.

"ತಿಳಕೊಂಡು ಏನ್ ಮಾಡ್ಲಿ ತಂಗಿ, ಕೈ ಅಂತೂ ಬರೂದಿಲ್ಲ. ನನಗ ಒಂದ ಗೊತ್ತೈತಿ. ಹಿಂದಿನ ದಿನಾ ಒಂದೊಂದ ಚೂರನೂ ಬಿಚ್ಚಿ ಪೂಜಾ ಮಾಡಿದ್ನಿ. ಅದಕ್ಕ ಆ ದೇವಿ ನನ್ನ ಜೀವಾ ಬಿಟ್ಟಳು, ಬರೇ ಕೈ ತಗೊಂಡಳು. ಆ ಪೂಜಾದ ಬಲದ ಮ್ಯಾಲೆ ಇಷ್ಟು ದಿನಾ ಬಾಳೇನಿ."

ಹಾಗಂದು ಎದ್ದು, ಕಂಪ್ಯೂಟರಿನ ಪಕ್ಕದ ಕುಂಕುಮದ ಬಟ್ಟಲಿಗೆ ಎಡಗೈಯ ಬೆರಳು ಅದ್ದಿ, ಹುಡುಗಿ ಹಚ್ಚಿದ್ದ ಬೊಟ್ಟಿನ ಪಕ್ಕ ಇನ್ನೊಂದು ಬೊಟ್ಟು ಹಚ್ಚಿದ. ಬೆರಳು ನಡುಗಲಿಲ್ಲ. ಆಮೇಲೆ ಕಿಸೆಯಿಂದ ಬನ್ನಿ ಎಲೆ ತೆಗೆದು ನನ್ನ ಕೈಗಿಟ್ಟ. ಬಂಗಾರದಂಗ ಇರೂಣ್ರಿ ಕಾಕಾ ಎಂದೆ. ಅವನು ಓಣಿ ದಾಟುವವರೆಗೆ ನೋಡುತ್ತ ನಿಂತೆ.

ಕಾಕಾನಿಗೆ ಓದು ಬರುವುದಿಲ್ಲ. ಓದಿ ಹೇಳುವವರಿಗೂ ಗುರುತು ಸಿಗದಿರಲಿ ಎಂದು ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಸರ್ರ ಹೆಸರನ್ನು ಬರೆಯಬೇಕೆಂದು ಕೈ ಎಷ್ಟು ಹಪಹಪಿಸಿತು ಎಂಬುದು ನನಗೆ ಗೊತ್ತು. ಊರೆಲ್ಲ ಬೈದ ಹೆಸರು ಅದು, ಹಾಗೆ ಬೈಸಿಕೊಂಡೇ ಮಣ್ಣಿಗೆ ಹೋಯಿತು... ಮಣ್ಣಿಗೂ ನನಗೆ ಹೋಗಲಾಗಲಿಲ್ಲ.

ಬಾಗಿಲು ಬಡಿದು ಕೇಳಿದೆ, ಸರ. ಒಳಗೆ ಮನುಷ್ಯರಿದ್ದರು. ತಿರುಗಿ ಬಂದೆ.